ಹದಿನೇಳರ ಹರೆಯವೂ ಯಯಾತಿಯ ಬೇಡಿಕೆಯೂ

ಮನುಷ್ಯನ ಆಯುಷ್ಯದಲ್ಲಿ ಹದಿನಾರು ಹದಿನೇಳರ ಪ್ರಾಯವೆಂಬುದು ಒಂದು ಸಂಧಿಕಾಲವು. ಮೂಡಣದಲ್ಲಿ ಕೆಂಪು ತೋರುವ ಹೊತ್ತನ್ನು ರಾತ್ರಿಯೆನ್ನಲಾಗದು, ಹಗಲೆನ್ನಲೂ ಆಗದು. ಅದರಂತೆಯೇ ಈ ಪ್ರಾಯದವರನ್ನು ಮಕ್ಕಳೆಂದರೆ ಅವರು ಮುನಿಯುವರು. ದೊಡ್ಡವರೆಂದರೆ ನಾವು ನಗುವೆವು. ಸಂಧ್ಯಾಕಾಲದಲ್ಲಿ ಗದ್ದಲ ಮಾಡಬಾರದೆಂದೂ, ದೀಪವನ್ನು ಹಚ್ಚಿ ಮನಸ್ಸನ್ನು ನಿಲ್ಲಿಸಿ ಕುಳಿತುಕೊಳ್ಳಬೇಕೆಂದೂ ನಮ್ಮ ಪೂರ್ವಿಕರು ವಿಧಿಸಿದ್ದರು. ನಾವಾದರೋ ಮನೆಯ ಮಕ್ಕಳ ಬಾಳಿನ ಈ ಸಂಧ್ಯಾಕಾಲದಲ್ಲಿಯೇ ಅತಿ ಹೆಚ್ಚಿನ ಗದ್ದಲವನ್ನು ಎಬ್ಬಿಸಿರುವೆವು. ಅವರು ಏನಾಗಬೇಕು, ಎಷ್ಟು ಅಂಕಗಳನ್ನು ಪಡೆಯಬೇಕು, ಯಾವ ಊರಿಗೆ ಹೋಗಬೇಕು ಎಂದು ಕೇಳುವವರು ಮನೆತುಂಬ ಇರುವರು. ಅವರು ಏನನ್ನು ಯೋಚಿಸುತ್ತಿರುವರೆಂದು ಕೇಳುವವರು ಮಾತ್ರ ಅಪರೂಪ. ಈ ತಿಂಗಳು ಗೃಹಸ್ಥರಾದ ವಾಚಕರ ಮುಂದೆ ಈ ಎರಡನೆಯ ಪ್ರಶ್ನೆಯನ್ನೇ ಇಡಬೇಕೆಂದಿರುವೆನು.

ನಮ್ಮ ಜಿಲ್ಲೆಯವರಿಗೆ ಈ ವಿಷಯವು ದೂರದ್ದಲ್ಲ. ಕೋಟೆಗೂ ಬಿದರಿ ಕೆಲಸಕ್ಕೂ ಹೆಸರಾದ ಬೀದರ ಪಟ್ಟಣವು ಕೆಲವು ವರ್ಷಗಳಿಂದ ವೈದ್ಯಕೀಯ ಪ್ರವೇಶ ಪರೀಕ್ಷೆಯ ಸಿದ್ಧತೆಗೂ ಹೆಸರಾಗಿದೆ. 2016ರಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ನೀಟ್ ಎಂಬ ಒಂದೇ ಪರೀಕ್ಷೆಯು ಜಾರಿಗೆ ಬಂದ ಮೇಲಂತೂ ಪರರಾಜ್ಯಗಳ ಮಕ್ಕಳೂ ಇಲ್ಲಿಗೆ ಬಂದು ವಸತಿಗೃಹಗಳಲ್ಲಿ ಇದ್ದುಕೊಂಡು ಓದುತ್ತಿರುವರು. ಭಾಲ್ಕಿ, ಔರಾದ ತಾಲೂಕುಗಳ ಹಳ್ಳಿಗಳಿಂದ ತೊಗರಿ, ಸೋಯಾ, ಕಬ್ಬುಗಳನ್ನು ಮಾರಿದ ಹಣವನ್ನು ಸೆರಗಿನಲ್ಲಿ ಗಂಟುಕಟ್ಟಿಕೊಂಡು ತಾಯಂದಿರು ಮಕ್ಕಳನ್ನು ಸೇರಿಸಲು ಬರುವುದನ್ನು ಯಾರು ಬೇಕಾದರೂ ಬಸ್ ನಿಲ್ದಾಣದಲ್ಲಿ ನೋಡಬಹುದು. ಇದು ಹಳಿಯತಕ್ಕ ಸಂಗತಿಯಲ್ಲ. ಮೂರು ತಲೆಮಾರಿನ ಹಿಂದೆ ಓಲೆ ಓದಿಸಿಕೊಳ್ಳಲು ಊರ ಕುಲಕರ್ಣಿಯ ಮನೆಯ ಕಟ್ಟೆಯ ಮೇಲೆ ಕಾದು ಕುಳಿತಿದ್ದವರ ಮೊಮ್ಮಕ್ಕಳು ವೈದ್ಯರಾಗುವುದೆಂದರೆ ಯಾರಿಗೆ ತಾನೇ ಸಂತೋಷವಾಗದು? ಆದರೆ ಈ ಓಟದಲ್ಲಿ ಓಡುತ್ತಿರುವ ಮಗುವಿನ ಒಳಗೆ ಏನು ನಡೆದಿದೆಯೆಂಬುದನ್ನು ಸಹ ನಾವು ತಿಳಿಯಬೇಕಷ್ಟೆ.

ಭಾಲ್ಕಿಯಲ್ಲಿ ನಿವೃತ್ತನಾಗಿ ಕುಳಿತಿರುವ ನನ್ನ ಬಳಿಗೆ ಸಂಜೆಯ ಹೊತ್ತು ಕೆಲವು ವಿದ್ಯಾರ್ಥಿಗಳು ಸಂಸ್ಕೃತವನ್ನೋ ಕನ್ನಡ ವ್ಯಾಕರಣವನ್ನೋ ಕೇಳಿಕೊಂಡು ಬರುವುದುಂಟು. ಅವರಲ್ಲಿ ಔರಾದ ತಾಲೂಕಿನ ಒಕ್ಕಲು ಮನೆತನದ ಹುಡುಗಿಯೊಬ್ಬಳಿದ್ದಾಳೆ. ಬೀದರಿನ ವಸತಿಗೃಹದಲ್ಲಿದ್ದುಕೊಂಡು ಪದವಿಪೂರ್ವ ತರಗತಿಯ ಎರಡನೆಯ ವರ್ಷದಲ್ಲಿ ವಿಜ್ಞಾನವನ್ನು ಓದುತ್ತಿರುವಳು. ರಜೆಯಲ್ಲಿ ಸೋದರಮಾವನ ಮನೆಗೆ ಬಂದಿದ್ದಾಗ ಒಂದು ನೋಟುಬುಕ್ಕನ್ನು ನನ್ನ ಕೈಯಲ್ಲಿಟ್ಟು, "ಸರ್, ಕಾಗುಣಿತದ ತಪ್ಪಿದ್ರ ತಿದ್ದಿ ಕೊಡ್ರಿ" ಎಂದಳು. ಓದಿದ ಮೇಲೆ, ಇದರ ಸಾರವನ್ನು ನಾಲ್ಕು ಮಂದಿಗೆ ಹೇಳಬಹುದೇ ಎಂದು ಕೇಳಿದೆನು. ಸ್ವಲ್ಪ ಯೋಚಿಸಿ, "ಹೇಳ್ರಿ ಸರ್, ಖರೇ ನನ್ನ ಹೆಸರು, ಊರು ಹಾಕಬ್ಯಾಡ್ರಿ" ಎಂದಳು. ಆ ಕರಾರಿನಂತೆ ಇಲ್ಲಿ ನಡೆದುಕೊಂಡಿರುವೆನು.

ಆ ನೋಟುಬುಕ್ಕಿಗೆ ಭೌತಶಾಸ್ತ್ರವೆಂದು ಬರೆದ ಚೀಟಿಯನ್ನು ಅಂಟಿಸಲಾಗಿತ್ತು. ಒಳಗೆ ಮೊದಲ ನಾಲ್ಕು ಹಾಳೆಗಳಲ್ಲಿ ಮಾತ್ರ ಭೌತಶಾಸ್ತ್ರವಿದ್ದು, ಮುಂದೆಲ್ಲ ಪೆನ್ಸಿಲಿನ ಚಿತ್ರಗಳೂ ನಡುನಡುವೆ ಬರೆಹವೂ ಇದ್ದವು. ಇದನ್ನು ನೋಡಿದಾಗ ನನಗೆ ನಮ್ಮ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕಥೆಯು ನೆನಪಾಯಿತು. ನಿಜಾಮರ ಆಳಿಕೆಯಲ್ಲಿ ಉರ್ದುವಿಗೇ ಮನ್ನಣೆಯಿದ್ದ ಕಾಲದಲ್ಲಿ ಪೂಜ್ಯರು ಹೊರಗೆ ಉರ್ದು ಫಲಕವನ್ನು ಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ಸೀಮೆಯ ಮನೆಮನೆಯಲ್ಲಿಯೂ ಹೇಳುವ ಮಾತು. ನೂರು ವರ್ಷವನ್ನು ಮೀರಿ ಬಾಳಿ 1999ರಲ್ಲಿ ಅವರು ಲಿಂಗೈಕ್ಯರಾದರು. ಅಂದು ದೊರೆತನದ ಭಯದಿಂದ ಅಕ್ಷರವು ಅಡಗಿ ಕುಳಿತಿತ್ತು. ಇಂದು ನಮ್ಮ ಮಕ್ಕಳ ಚಿತ್ರವೂ ಕವಿತೆಯೂ ಹಾಡೂ ಯಾರ ಭಯದಿಂದ ರಟ್ಟಿನ ಒಳಗೆ ಅಡಗಿವೆ? ಉತ್ತರವನ್ನು ಹೇಳಲು ನಾಲಿಗೆಯು ಹಿಂಜರಿಯುತ್ತದೆ. ಏಕೆಂದರೆ ಆ ಭಯವು ನಮ್ಮದೇ.

ಅವಳು ಬರೆದಿದ್ದ ಒಂದು ವಿಚಾರವು ಹೀಗಿದೆ. ಮನೆಯಲ್ಲಿ ಅವಳ ಅಜ್ಜಿಯು ಪ್ರತಿದಿನವೂ ನಸುಕಿನಲ್ಲಿ ಎದ್ದು ಬಾಗಿಲ ಮುಂದೆ ಸಾರಿಸಿ ರಂಗೋಲಿಯನ್ನು ಹಾಕುವಳು. ಮಧ್ಯಾಹ್ನದೊಳಗೆ ಎತ್ತಿನ ಗೊರಸಿಗೂ ಮಕ್ಕಳ ಕಾಲಿಗೂ ಸಿಕ್ಕಿ ಅದು ಅಳಿಸಿಹೋಗುವುದು. ಮರುದಿನ ಅಜ್ಜಿಯು ಮತ್ತೆ ಹಾಕುವಳು. ಅಜ್ಜಿಯು ಹೊತ್ತು ಕಳೆಯುತ್ತಿರುವಳೆಂದು ಮನೆಯಲ್ಲಿ ಯಾರೂ ಅನ್ನುವುದಿಲ್ಲ. ರಂಗೋಲಿಯಿಲ್ಲದ ಬಾಗಿಲು ಅಶುಭವೆನ್ನುವರು. ಅದೇ ಚುಕ್ಕೆ ಗೆರೆಗಳನ್ನು ತಾನು ಕಾಗದದ ಮೇಲೆ ಎಳೆದರೆ ಮಾತ್ರ ಅದು ಕಾಲಹರಣವೆನಿಸಿಕೊಳ್ಳುವುದೇಕೆ? ಅಂಗಳದಲ್ಲಿ ಶುಭವಾದದ್ದು ಹಾಳೆಯ ಮೇಲೆ ದಂಡವಾಗುವುದು ಹೇಗೆ? ಈ ಪ್ರಶ್ನೆಯನ್ನು ಅವಳು ಕೋಪದಿಂದ ಕೇಳಿರಲಿಲ್ಲ. ಲೆಕ್ಕವೊಂದು ಬಿಡಿಯದಿದ್ದಾಗ ಕೇಳುವಂತೆ ಕೇಳಿದ್ದಳು.

ಮತ್ತೊಂದು ಕಡೆ ಅಷ್ಟೂರಿನ ವಿಚಾರವಿತ್ತು. ಬೀದರಿಗೆ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳಿರುವುದನ್ನು ವಾಚಕರು ಬಲ್ಲರು. ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ತಂದ ಅಹಮದ್ ಶಾಹ ವಲಿಯ ಗೋರಿಯ ಗುಮ್ಮಟದ ಒಳಮೈಯಲ್ಲಿ ಕೆಂಪು, ಸುವರ್ಣ ವರ್ಣಗಳ ಚಿತ್ತಾರಗಳೂ ಸುಂದರಾಕ್ಷರಗಳೂ ಇವೆ. ಆ ಸುಲ್ತಾನನನ್ನು ವಲಿಯೆಂದು ಮುಸಲ್ಮಾನರೂ, ಅಲ್ಲಮಪ್ರಭುವೆಂದು ಹಿಂದೂಗಳೂ ಭಾವಿಸಿ ಉರುಸಿನಲ್ಲಿ ಒಟ್ಟುಗೂಡುವರು. ಒಳಗೆ ಕತ್ತಲೆ. ಅಲ್ಲಿಯ ಕಾವಲಿನವರು ಬಾಗಿಲ ಹೊರಗಿನ ಬಿಸಿಲನ್ನು ಕನ್ನಡಿಯಿಂದ ಹಿಡಿದು ಒಳಕ್ಕೆ ಹಾಯಿಸಿದಾಗ, ಬೆಳಕು ಬಿದ್ದಷ್ಟೇ ಭಾಗವು ಫಕ್ಕನೆ ಹೊಳೆದು ಮತ್ತೆ ಮಾಯವಾಯಿತೆಂದು ಅವಳು ಬರೆದಿದ್ದಳು. ಈ ಬಣ್ಣವನ್ನು ಮೇಲೆ ಬರೆದವನಿಗೆ ಅದನ್ನು ಯಾರು ಯಾವಾಗ ನೋಡುವರೆಂಬುದು ತಿಳಿದಿರಲಾರದು. ಆದರೂ ಕತ್ತಲಲ್ಲಿರುವ ಮೂಲೆಯನ್ನು ಸಹ ಬೆಳಕಿನಲ್ಲಿರುವ ಮೂಲೆಯಷ್ಟೇ ಶ್ರದ್ಧೆಯಿಂದ ಬರೆದಿರುವನಲ್ಲಾ ಎಂದು ಅವಳಿಗೆ ಆಶ್ಚರ್ಯವಾಗಿತ್ತು. ಪರೀಕ್ಷೆಗೆ ಬಾರದ ಪಾಠವನ್ನು ಬಿಟ್ಟುಬಿಡಿರೆಂದು ದಿನವೂ ಕೇಳುವ ಮಗುವಿಗೆ ಇಂಥ ಆಶ್ಚರ್ಯವುಂಟಾದರೆ ಅದನ್ನು ನಾನು ವಿದ್ಯೆಯೆಂದೇ ಕರೆಯುವೆನು.

ಮೂರನೆಯದು ಎಲ್ಲಕ್ಕಿಂತ ಚಿಕ್ಕದು. ವಸತಿಗೃಹದ ಹಣವನ್ನು ಕಟ್ಟುವ ದಿನ ಅವಳ ಅಪ್ಪನು ನೋಟುಗಳನ್ನು ಎಣಿಸಿ ಕೊಟ್ಟನಂತೆ. ಎಣಿಸುವಾಗ ಅವನ ಕೈಯು ನಡುಗಿತು. ಹೊಲದಲ್ಲಿ ಕುಂಟೆಯ ಮೇಳಿಯನ್ನು ಹಿಡಿದಾಗ ಎಂದೂ ನಡುಗದ ಕೈ ಅದು. ವಸತಿಗೃಹಕ್ಕೆ ಹಿಂದಿರುಗಿದ ಮೇಲೆ ಅವಳು ಆ ಕೈಯನ್ನು ಬರೆಯಲು ಕುಳಿತಳು. ಹೆಬ್ಬೆರಳು ಬಂದಿತು, ಬಿರುಕು ಬಿಟ್ಟ ಉಗುರು ಬಂದಿತು. ನೋಟುಗಳನ್ನು ಹಿಡಿದ ಬಗೆಯನ್ನು ಮಾತ್ರ ಬರೆಯಲಾಗಲಿಲ್ಲ. ಅರ್ಧವಾದ ಆ ಚಿತ್ರದ ಕೆಳಗೆ, ಅಪ್ಪನು ಇದುವರೆಗೆ ತನ್ನನ್ನು ತಡೆಯುತ್ತಿರುವನೆಂದು ತಿಳಿದಿದ್ದೆನೆಂದೂ, ಅವನು ಅಂಜುತ್ತಿರುವನೆಂದು ಈಗ ತಿಳಿಯಿತೆಂದೂ ಬರೆದಿದ್ದಳು. ಕೈಯನ್ನು ಬರೆಯಹೋಗದಿದ್ದರೆ ಅವಳು ಆ ಕೈಯನ್ನು ಅಷ್ಟು ನೋಡುತ್ತಲೇ ಇರಲಿಲ್ಲ. ದೊಡ್ಡವರಾಗುವುದೆಂದರೆ ಇದಲ್ಲದೆ ಇನ್ನೇನು? ನಮ್ಮನ್ನು ಆಳುವವರೆಂದು ತಿಳಿದಿದ್ದವರ ಭಯವು ನಮಗೆ ಕಂಡ ದಿನವೇ ನಾವು ದೊಡ್ಡವರಾದ ದಿನವು.

ಕಲೆಯು ಓದಿಗೆ ಶತ್ರುವೆಂಬ ನಂಬಿಕೆಯು ನಮ್ಮಲ್ಲಿ ಬಲವಾಗಿ ಬೇರೂರಿದೆ. ಸಂಸ್ಕೃತವನ್ನು ಓದಿದ ನನಗೆ ಈ ನಂಬಿಕೆಯು ಎಂದೂ ಒಪ್ಪಿಗೆಯಾಗಲಿಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ರಾಜನು ಮಾಲವಿಕೆಯನ್ನು ಮೊದಲು ಚಿತ್ರದಲ್ಲಿ ಕಾಣುವನು. ಬಳಿಕ ಅವಳನ್ನೇ ಎದುರಿನಲ್ಲಿ ಕಂಡಾಗ ಚಿತ್ರವು ಅವಳಿಗೆ ಸಾಲದೆಂದು ತಿಳಿಯುವುದು. ಆಗ ಅವನು ಚಿತ್ರಕಾರನ ಕೈಯನ್ನಾಗಲಿ ಬಣ್ಣವನ್ನಾಗಲಿ ದೂರುವುದಿಲ್ಲ. ಬರೆಯುವಾಗ ಅವನ ಸಮಾಧಿಯು ಸಡಿಲವಾಗಿದ್ದಿರಬೇಕೆನ್ನುವನು. ಯೋಗಶಾಸ್ತ್ರದ ಮಾತನ್ನು ಕವಿಯು ಕುಂಚಕ್ಕೆ ಅನ್ವಯಿಸಿರುವುದನ್ನು ವಾಚಕರು ಗಮನಿಸಬೇಕು. ಕಲೆಯಲ್ಲಿ ಮೊದಲ ದೋಷವು ಮನಸ್ಸಿನ ಸಡಿಲತೆಯೇ ಎಂದಾಯಿತು. ಗಣಿತದಲ್ಲಿ ತಪ್ಪು ಮಾಡಿಸುವುದೂ ಅದೇ, ವ್ಯಾಕರಣದಲ್ಲಿ ತಪ್ಪು ಮಾಡಿಸುವುದೂ ಅದೇ. ಹಾಗಿರುವಲ್ಲಿ ಒಂದು ಎಲೆಯ ನರಗಳನ್ನು ಬಿಡದೆ ನೋಡಿ ಬರೆಯುವ ಮಗುವಿಗೆ ಸಸ್ಯಶಾಸ್ತ್ರವು ಕೆಡುವುದೆಂದು ಹೇಳುವುದು ಯಾವ ನ್ಯಾಯ?

ನಮ್ಮ ಬೀದರಿನಲ್ಲಿಯೇ ಇದಕ್ಕೆ ಕಲ್ಲಿನ ಸಾಕ್ಷ್ಯವಿದೆ. ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಮಹಮೂದ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸೆಯು ಮೂರು ಅಂತಸ್ತಿನ ವಿದ್ಯಾಲಯವು. ಅದರ ಒಂದು ಭಾಗವು ಆ ಮೇಲೆ ಹಾಳಾಗಿ ಈಗ ಒಂದೇ ಮಿನಾರು ನಿಂತಿದೆ. ಆ ಮಿನಾರಿನ ಮೇಲೂ ಗೋಡೆಯ ಮೇಲೂ ಬಣ್ಣದ ಹೆಂಚಿನ ಕೆಲಸವು ಇನ್ನೂ ಅಲ್ಲಲ್ಲಿ ಉಳಿದುಕೊಂಡಿದೆ. ಓದುವ ಶಾಲೆಯ ಗೋಡೆಗೆ ಇಷ್ಟು ಬಣ್ಣವೇತಕ್ಕೆಂದು ಆ ಮಂತ್ರಿಗೆ ತೋರಲಿಲ್ಲ. ಆತನು ರಾಜ್ಯದ ಲೆಕ್ಕವನ್ನೂ ಸೈನ್ಯವನ್ನೂ ನೋಡಿಕೊಳ್ಳುತ್ತಲೇ ಗದ್ಯರಚನೆಯ ಕಲೆಯನ್ನು ಕುರಿತು ಪಾರಸಿಯಲ್ಲಿ ಗ್ರಂಥವನ್ನು ಬರೆದವನು. ವೈರಿಗಳು ಹುಟ್ಟಿಸಿದ ಒಂದು ಸುಳ್ಳು ಪತ್ರದ ಕಾರಣದಿಂದ 1481ರಲ್ಲಿ ಆತನ ತಲೆಯು ಹೋಯಿತು. ಆತನು ಕಟ್ಟಿಸಿದ ಶಾಲೆಯು ಮಾತ್ರ ವಿದ್ಯೆಗೂ ಕಲೆಗೂ ಒಂದೇ ಗೋಡೆ ಸಾಕೆಂದು ಇಂದಿಗೂ ತೋರಿಸುತ್ತಿದೆ.

ಇನ್ನು ಬಿದರಿ ಕೆಲಸವನ್ನು ನೋಡಿರಿ. ಹೆಚ್ಚಿನ ಪಾಲು ಸತುವನ್ನೂ ಅಲ್ಪ ಪಾಲು ತಾಮ್ರವನ್ನೂ ಕರಗಿಸಿ ಎರಕ ಹೊಯ್ಯುವರು. ಅರದಿಂದ ಉಜ್ಜಿ ನಯ ಮಾಡುವರು. ಮೈಲುತುತ್ತದ ನೀರನ್ನು ಬಳಿದರೆ ಪಾತ್ರೆಗೆ ತಾತ್ಕಾಲಿಕವಾದ ಕಪ್ಪು ಬರುವುದು. ಅದರ ಮೇಲೆ ಬಳ್ಳಿ ಹೂಗಳನ್ನು ಗೀರಿ, ಸಣ್ಣ ಉಳಿಗಳಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುವರು. ಮತ್ತೆ ಉಜ್ಜಿದಾಗ ಆ ಮೊದಲಿನ ಕಪ್ಪು ಅಳಿದುಹೋಗುವುದು. ಆಗ ಸತುವೂ ಬಿಳುಪು, ಬೆಳ್ಳಿಯೂ ಬಿಳುಪು. ಅಷ್ಟು ದಿನದ ಕೆಲಸವೆಲ್ಲವೂ ಇದ್ದಲ್ಲಿಯೇ ಇದ್ದರೂ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಕಡೆಗೆ ಕೋಟೆಯೊಳಗಿನ, ಬಿಸಿಲು ಮಳೆ ಸೋಕದ ಹಳೆಯ ಮಣ್ಣನ್ನು ನವಸಾಗರದೊಡನೆ ಸೇರಿಸಿ ಕಾಯಿಸಿ ಹಚ್ಚಿದಾಗ ಸತುವು ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿಗೆ ಏನೂ ಆಗದು. ಆಗಲೇ ಚಿತ್ತಾರವು ಎದ್ದು ನಿಲ್ಲುವುದು. ಈ ಕೆಲಸದಲ್ಲಿ ಬಾಳನ್ನು ಸವೆಸಿದ ಬೀದರಿನ ಶಾಹ ರಶೀದ ಅಹಮದ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಹದಿನೇಳರ ಮಗುವು ಉಜ್ಜಿದ ಪಾತ್ರೆಯ ಆ ನಡುವಿನ ಸ್ಥಿತಿಯಲ್ಲಿರುವುದು. ಬೆಳ್ಳಿಯು ಕಾಣಲಿಲ್ಲವೆಂದು ಕಿತ್ತು ನೋಡುವವನು ಕುಶಲನಲ್ಲ.

ಇದೆಲ್ಲ ಹಳೆಯ ಮಾತಾಯಿತು, ನಮ್ಮ ಕಾಲದ ನಿದರ್ಶನವಿದೆಯೇ ಎಂದು ವಾಚಕರು ಕೇಳಬಹುದು. ಇದೆ. ಗಿರೀಶ ಕಾರ್ನಾಡರು 1938ರಲ್ಲಿ ಹುಟ್ಟಿ, ಶಿರಸಿಯಲ್ಲಿಯೂ ಧಾರವಾಡದಲ್ಲಿಯೂ ಬೆಳೆದವರು. ತಂದೆಯು ವೈದ್ಯರು. ಹದಿನೇಳರ ಪ್ರಾಯದಲ್ಲಿ ಅವರಿಗೆ ಪ್ರಸಿದ್ಧ ಪುರುಷರ ಮುಖಚಿತ್ರಗಳನ್ನು ಬರೆದು, ಅವರಿಗೇ ಅಂಚೆಯಲ್ಲಿ ಕಳುಹಿಸಿ, ಹಸ್ತಾಕ್ಷರವನ್ನು ಹಾಕಿಸಿಕೊಳ್ಳುವ ಹುಚ್ಚಿತ್ತು. ಐರ್ಲೆಂಡಿನ ನಾಟಕಕಾರ ಷಾನ್ ಓಕೇಸಿಗೂ ಹಾಗೆಯೇ ಕಳುಹಿಸಿದರು. ಆ ವೃದ್ಧನು ಧಾರವಾಡದ ಗುರುತಿಲ್ಲದ ಹುಡುಗನಿಗೆ ಉತ್ತರ ಬರೆದನು; ಪರರ ಹಸ್ತಾಕ್ಷರವನ್ನು ಕೂಡಿಸುತ್ತ ಹೊತ್ತು ಕಳೆಯದೆ, ತನ್ನ ಹಸ್ತಾಕ್ಷರವನ್ನು ಇತರರು ಕೇಳುವಂಥ ಕೆಲಸವೊಂದನ್ನು ಮಾಡೆಂಬುದು ಅದರ ತಾತ್ಪರ್ಯ. ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಹಿರಿಯನೊಬ್ಬನು ಹುಡುಗನ ಆಟವನ್ನು ಹೀಯಾಳಿಸಲಿಲ್ಲ. ಅದನ್ನು ಹೊಗಳಿ ಕೆಡಿಸಲೂ ಇಲ್ಲ. ಅದಕ್ಕೆ ಮುಂದಿನ ದಾರಿಯನ್ನು ತೋರಿಸಿದನು. ಹುಡುಗನಾದರೋ ಓದನ್ನು ಬಿಡಲಿಲ್ಲ. ಗಣಿತವನ್ನು ಓದಿ 1958ರಲ್ಲಿ ಪದವೀಧರನಾಗಿ, ರೋಡ್ಸ್ ವಿದ್ಯಾರ್ಥಿವೇತನವನ್ನು ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದನು.

ಹೊರಡುವ ಮುನ್ನಿನ ದಿನಗಳಲ್ಲಿ ಅವರ ಮನೆಯಲ್ಲಿಯೂ ಆತಂಕವೇ ತುಂಬಿತ್ತು. ಮಗನು ಹಿಂದಿರುಗುವನೇ ಎಂಬುದು ಹಿರಿಯರ ಚಿಂತೆ. ತನ್ನ ಬಾಳಿನ ಮೇಲೆ ಹಿರಿಯರ ಹಕ್ಕು ಎಷ್ಟೆಂಬುದು ಮಗನ ತಳಮಳ. ಆಗ ಅವರ ಲೇಖನಿಯಿಂದ ಹೊರಟಿದ್ದು ಯಯಾತಿಯ ನಾಟಕವು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದಿದ್ದ ತರುಣನಿಗೆ ಆ ಮಾತುಗಳು ಕನ್ನಡದಲ್ಲಿ ಬಂದವೆಂದು ಅವರೇ ಮುಂದೆ ಹೇಳಿಕೊಂಡಿರುವರು. ಹೃದಯಕ್ಕೆ ಬಿಗಿಯಾದ ಹೊತ್ತಿನಲ್ಲಿ ಬರುವ ಮಾತು ತಾಯಿನೆಲದ್ದೇ ಎಂಬುದಕ್ಕೆ ಇದೊಂದು ಸಾಕ್ಷಿ. ಇಂಗ್ಲಿಷಿನಲ್ಲಿ ವಿಜ್ಞಾನವನ್ನು ಓದಿ, ಅಜ್ಜಿಯೊಡನೆ ಮರಾಠಿ ಬೆರೆತ ಮಾತನ್ನಾಡಿ, ಪೇಟೆಯಲ್ಲಿ ಉರ್ದುವಿನಲ್ಲಿ ವ್ಯವಹರಿಸುವ ನಮ್ಮ ಔರಾದಿನ ಹುಡುಗಿಯು ಅಪ್ಪನ ಕೈಯನ್ನು ಕುರಿತು ಬರೆಯುವಾಗ ಕನ್ನಡದಲ್ಲಿಯೇ ಬರೆದಿದ್ದಳೆಂಬುದನ್ನೂ ಇಲ್ಲಿ ಹೇಳುವುದು ಉಚಿತವಾಗಿದೆ.

ಮಹಾಭಾರತದ ಆದಿಪರ್ವದ ಯಯಾತಿಯ ಕಥೆಯನ್ನು ವಾಚಕರು ಬಲ್ಲರು. ಮಾವನಾದ ಶುಕ್ರಾಚಾರ್ಯನ ಶಾಪದಿಂದ ಅಕಾಲದಲ್ಲಿ ಮುಪ್ಪು ಬಂದಾಗ, ಭೋಗದ ಆಸೆಯು ತೀರದ ರಾಜನು ತನ್ನ ಮುಪ್ಪನ್ನು ತೆಗೆದುಕೊಂಡು ಯೌವನವನ್ನು ಕೊಡಿರೆಂದು ಐವರು ಮಕ್ಕಳನ್ನೂ ಬೇಡಿದನು. ನಾಲ್ವರು ಒಲ್ಲೆನೆಂದರು; ಕಿರಿಯನಾದ ಪುರುವು ಕೊಟ್ಟನು. ನಾವು ಇದುವರೆಗೆ ಪುರುವಿನ ಪಿತೃಭಕ್ತಿಯನ್ನು ಕೊಂಡಾಡಿದೆವು. ತಂದೆಯ ಬೇಡಿಕೆಯು ಯೋಗ್ಯವಾಗಿತ್ತೇ ಎಂದು ಕೇಳಲಿಲ್ಲ. ಇಪ್ಪತ್ತೆರಡರ ಕಾರ್ನಾಡರು ಅದನ್ನು ಕೇಳಿದರು; ಪುರುವಿಗೆ ಎಳೆಯ ಪತ್ನಿಯನ್ನು ಕಲ್ಪಿಸಿ, ಆ ತ್ಯಾಗದ ಬೆಲೆಯನ್ನು ಅವಳೂ ತೆರಬೇಕಾಗುವುದನ್ನು ತೋರಿಸಿದರು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯು ಆ ನಾಟಕವನ್ನು ಪ್ರಕಟಿಸಿತು.

ಗೃಹಸ್ಥರೇ, ಬೇಸರಿಸದೆ ಕೇಳಬೇಕು. ತಾನು ಆಗಬೇಕೆಂದಿದ್ದು ಆಗದೆ ಹೋದುದನ್ನು ಮಗನಿಂದ ಮಾಡಿಸಬೇಕೆನ್ನುವ ತಂದೆಯು ಬೇಡುತ್ತಿರುವುದೂ ಯೌವನವನ್ನೇ. ನೆರೆಯವರ ಮಗಳಿಗಿಂತ ನನ್ನ ಮಗಳು ಮೇಲಾಗಬೇಕೆನ್ನುವ ತಾಯಿಯು ಬೇಡುತ್ತಿರುವುದೂ ಅದನ್ನೇ. ಯಯಾತಿಯಾದರೋ ಬೇಡುತ್ತಿರುವೆನೆಂದು ತಿಳಿದು ಬೇಡಿದನು. ನಾವು ಕೊಡುತ್ತಿರುವೆವೆಂದು ತಿಳಿದು ಬೇಡುವೆವು. ಯಯಾತಿಯ ಕಥೆಯಲ್ಲಿ ನಾವು ಹೆಚ್ಚಾಗಿ ಮರೆಯುವ ಭಾಗವೊಂದುಂಟು. ಸಾವಿರ ವರ್ಷ ಭೋಗಿಸಿದ ಮೇಲೆ, ಆಸೆಯು ಉಣಿಸಿದಷ್ಟೂ ಬೆಳೆಯುವುದೆಂದು ಅವನಿಗೆ ಅರಿವಾಯಿತು. ಆಗ ಅವನು ಮಗನನ್ನು ಕರೆದು ಯೌವನವನ್ನು ಹಿಂದಕ್ಕೆ ಕೊಟ್ಟು, ತನ್ನ ಮುಪ್ಪನ್ನು ತಾನೇ ತೆಗೆದುಕೊಂಡನು. ಪುರಾಣದಲ್ಲಿ ಅದು ಸಾಧ್ಯವಾಯಿತು. ನಮ್ಮ ಮಕ್ಕಳಿಂದ ತೆಗೆದುಕೊಂಡ ಎರಡು ವರ್ಷಗಳನ್ನು ಹಿಂದಕ್ಕೆ ಕೊಡುವ ವಿದ್ಯೆಯು ನಮಗೆ ತಿಳಿಯದು.

ಹಾಗೆಂದು ಹೆತ್ತವರ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಮಳೆಯನ್ನು ನಂಬಿದ ಎರೆಹೊಲದಲ್ಲಿ ಒಂದು ವರ್ಷದ ಪೈರು ಹೋದರೆ ಮೂರು ವರ್ಷದ ಸಾಲ ಉಳಿಯುವುದು. ಇಂಥ ಮನೆಯ ತಂದೆಯು ಮಗಳಿಗೆ ಚಿತ್ರ ಬರೆಯುತ್ತ ಕೂತಿರೆಂದು ಹೇಳಲಾರನು. ಬಿದರಿ ಕೆಲಸದವರ ಮನೆಗಳಲ್ಲಿಯೇ ಎಷ್ಟೋ ಮಕ್ಕಳು ಕೂಲಿ ಸಾಲದೆಂದು ಬೇರೆ ಉದ್ಯೋಗಕ್ಕೆ ಹೋಗುತ್ತಿರುವುದು ನಮ್ಮ ಕಣ್ಣ ಮುಂದಿದೆ. ಇನ್ನೊಂದೆಡೆ, ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾದ ಭಿತ್ತಿಪತ್ರಗಳನ್ನೂ ಕ್ಯಾಲೆಂಡರಿನ ಚಿತ್ರಗಳನ್ನೂ ಬರೆದು, ಅದರಿಂದಲೇ ಜೀವನವನ್ನೂ ಕೀರ್ತಿಯನ್ನೂ ಸಂಪಾದಿಸಿದರು. ಅವರ ದೇವದೇವಿಯರ ಚಿತ್ರಗಳು ಎಷ್ಟೋ ಮನೆಗಳ ಗೋಡೆಯ ಮೇಲೆ ಪೂಜೆಗೊಂಡವು. ಆದರೆ ಎಲ್ಲರೂ ಪಂಡಿತರಾಗುವುದಿಲ್ಲ. ಎಲ್ಲರೂ ಕಾರ್ನಾಡರೂ ಆಗುವುದಿಲ್ಲ. ಆದುದರಿಂದ ಕೀರ್ತಿವಂತರ ಹೆಸರನ್ನು ಹೇಳಿ ಮಕ್ಕಳನ್ನು ಹುರಿದುಂಬಿಸುವುದು ನನ್ನ ಉದ್ದೇಶವಲ್ಲ. ಕೀರ್ತಿಯೂ ಕೂಲಿಯೂ ಬಾರದೆ ಹೋದರೂ ಚಿತ್ರವನ್ನು ಬರೆಯುವ ಹಕ್ಕು ಮಗುವಿಗಿದೆಯೇ? ಪ್ರಶ್ನೆಯಿರುವುದು ಅಲ್ಲಿ.

ವಿಜ್ಞಾನವನ್ನು ಬಿಡಬೇಕೆಂದಿರುವೆಯಾ ಎಂದು ನಾನು ಆ ಹುಡುಗಿಯನ್ನು ಕೇಳಿದೆನು. ಅವಳು ಕೊಟ್ಟ ಉತ್ತರವು ನನ್ನ ಈ ಲೇಖನಕ್ಕಿಂತ ಚಿಕ್ಕದೂ ಸ್ಪಷ್ಟವೂ ಆಗಿದೆ. "ಬಿಡೂದಿಲ್ರಿ ಸರ್. ಡಾಕ್ಟರ್ ಆದ್ರ ಆಗ್ತೀನಿ. ಇದನ್ನ ಕಸಗೋಬಾರದು, ಅಷ್ಟೆ." ಅವಳು ಬೇರೆ ಬಾಳನ್ನು ಬೇಡಲಿಲ್ಲ, ಇರುವ ಬಾಳಿನಲ್ಲಿ ಒಂದು ಕಿಟಕಿಯನ್ನು ಮುಚ್ಚದಿರಿರೆಂದಳು. ನಮ್ಮ ಮನೆಗಳ ಬಹುಪಾಲು ಮಕ್ಕಳ ಬೇಡಿಕೆಯೂ ಇಷ್ಟೇ ಇರಬಹುದು. ಕಲೆಯೋ ಅನ್ನವೋ ಎಂಬ ಘೋರವಾದ ಪ್ರಶ್ನೆಯನ್ನು ಅವರ ಮುಂದಿಟ್ಟು ಅಳಿಸುತ್ತಿರುವವರು ನಾವು.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ದೊಡ್ಡದೇನೂ ಇಲ್ಲ. ವಾರದಲ್ಲಿ ಒ೦ದು ಗಳಿಗೆಯನ್ನು ಮಗುವಿನದೆಂದು ಬಿಡಿರಿ. ಅದರ ಲೆಕ್ಕವನ್ನು ಕೇಳದಿರಿ. ಬರೆದ ಚಿತ್ರವನ್ನು ಬಂದ ನೆಂಟರಿಗೆಲ್ಲ ತೋರಿಸಿ ಮಗುವಿಗೆ ನಾಚಿಕೆಯಾಗುವಂತೆ ಮಾಡದಿರಿ. ಬಹುಮಾನ ಬಂದಿತೇ ಎನ್ನುವುದಕ್ಕೆ ಬದಲಾಗಿ, ಈ ಹೊತ್ತು ಏನನ್ನು ನೋಡಿದೆಯೆಂದು ಕೇಳಿರಿ. ರಜೆಯಲ್ಲಿ ಒಂದು ದಿನ ಅಷ್ಟೂರಿಗೋ ಮದರಸೆಗೋ ಬಿದರಿ ಕೆಲಸದ ಓಣಿಗೋ ಕರೆದೊಯ್ಯಿರಿ. ನಾವು ಹತ್ತಿರದಲ್ಲಿಯೇ ಇದ್ದು ನೋಡದ ವಸ್ತುಗಳನ್ನು ದೂರದವರು ಬಂದು ನೋಡಿಹೋಗುತ್ತಿರುವರು. ಮನೆಯ ಹಣದ ಸ್ಥಿತಿಯನ್ನು ಮಕ್ಕಳಿಂದ ಮುಚ್ಚಿಡದಿರಿ. ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂಬ ನೀತಿಯನ್ನು ನಾವೆಲ್ಲರೂ ಬಾಯಿಪಾಠ ಮಾಡಿರುವೆವು. ಮಿತ್ರನಿಗೆ ಕಷ್ಟವನ್ನು ಹೇಳಿಕೊಳ್ಳುವುದುಂಟಲ್ಲವೇ? ನೋಟು ಎಣಿಸುವ ಕೈಯು ಏಕೆ ನಡುಗಿತೆಂದು ಅಪ್ಪನೇ ಬಾಯಿಬಿಟ್ಟು ಹೇಳಿದ್ದರೆ, ಮಗಳು ಅದನ್ನು ಒಬ್ಬಳೇ ಊಹಿಸಿಕೊಂಡು ನೋಯುವ ಕೆಲಸವು ತಪ್ಪುತ್ತಿತ್ತು.

ಈ ಪುಟವನ್ನು ಮನೆಯ ಕಿರಿಯರೂ ಓದುವರೆಂದು ಬಲ್ಲೆನಾದ್ದರಿಂದ ಅವರಿಗೂ ಎರಡು ಮಾತು. ಮಕ್ಕಳೇ, ಕಲೆಯನ್ನು ಓದಿನಿಂದ ತಪ್ಪಿಸಿಕೊಳ್ಳುವ ಹಿತ್ತಿಲ ಬಾಗಿಲನ್ನಾಗಿ ಮಾಡಿಕೊಳ್ಳಬೇಡಿರಿ. ಕಾಳಿದಾಸನ ರಾಜನು ಹೇಳಿದ ಆ ಸಡಿಲತೆಯು ಲೆಕ್ಕದಲ್ಲಿದ್ದರೆ ಚಿತ್ರದಲ್ಲಿಯೂ ಇಣುಕುವುದು. ನಿಮ್ಮ ಹಿರಿಯರಿಗೆ ನಿಮ್ಮ ಚಿತ್ರವು ತಿಳಿಯದಿದ್ದರೆ ಅವರು ಅರಸಿಕರೆಂದು ತಳ್ಳಿಬಿಡಬೇಡಿರಿ. ಅವರು ನೋಡುವ ಕಣ್ಣನ್ನು ಬೇರೆ ಕಡೆ ತೇದಿರುವರು. ಮೋಡವನ್ನೂ ಮಣ್ಣಿನ ಹದವನ್ನೂ ಎತ್ತಿನ ನಡಿಗೆಯನ್ನೂ ಅವರು ನೋಡುವಂತೆ ನೀವು ಇನ್ನೂ ನೋಡಲಾರಿರಿ. ಅವರಿಂದ ಆ ನೋಟವನ್ನು ಕಲಿತುಕೊಂಡರೆ ನಿಮ್ಮ ಗೆರೆಯು ಗಟ್ಟಿಯಾಗುವುದು. ಅರ್ಧಕ್ಕೆ ನಿಂತ ಚಿತ್ರವನ್ನು ಹರಿದು ಬಿಸುಡದಿರಿ. ಕೆಲವು ಚಿತ್ರಗಳನ್ನು ಮುಗಿಸಲು ಹತ್ತು ವರ್ಷ ದೊಡ್ಡವರಾಗಬೇಕಾಗುವುದು.

ತೈತ್ತಿರೀಯೋಪನಿಷತ್ತಿನಲ್ಲಿ ಗುರುವು ವಿದ್ಯೆಯನ್ನು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಬುದ್ಧಿ ಹೇಳುವ ಸಂದರ್ಭವೊಂದಿದೆ. ಸತ್ಯವನ್ನು ಬಿಡಬೇಡ, ಓದನ್ನು ಬಿಡಬೇಡವೆಂಬ ಉಪದೇಶಗಳ ನಡುವೆ ಆ ಗುರುವು, ಹಿರಿಯರಾದ ನಮ್ಮಲ್ಲಿ ಒಳ್ಳೆಯದಾಗಿ ಕಂಡ ನಡತೆಗಳನ್ನಷ್ಟೇ ಅನುಸರಿಸಬೇಕು, ಉಳಿದವನ್ನಲ್ಲವೆಂಬ ಅಭಿಪ್ರಾಯವನ್ನೂ ಸೇರಿಸುವನು. ಹಿರಿಯರಲ್ಲಿ ಬಿಡತಕ್ಕದ್ದೂ ಇರುತ್ತದೆಂದು ಹಿರಿಯನೇ ಒಪ್ಪಿಕೊಂಡ ಈ ಮಾತನ್ನು ನಮ್ಮ ಋಷಿಗಳು ವೇದದಲ್ಲಿಯೇ ಕಾಪಾಡಿಟ್ಟರು. ಆರಿಸಿಕೊಳ್ಳುವ ವಿವೇಕವು ಶಿಷ್ಯನಿಗಿದೆಯೆಂಬ ನಂಬಿಕೆಯಿಲ್ಲದೆ ಆ ಗುರುವು ಹಾಗೆ ಹೇಳುತ್ತಿರಲಿಲ್ಲ. ಇನ್ನು ಕೆಲವೇ ತಿಂಗಳುಗಳಲ್ಲಿ ನಮ್ಮ ಸಾವಿರಾರು ಮಕ್ಕಳು ಪರೀಕ್ಷೆಯನ್ನು ಮುಗಿಸಿ ಮನೆಯ ಹೊಸ್ತಿಲನ್ನು ದಾಟುವರು. ಬುತ್ತಿಯನ್ನೂ ಹಣವನ್ನೂ ಕಟ್ಟಿಕೊಡುವಾಗ ಆ ನಂಬಿಕೆಯನ್ನೂ ಅವರ ಗಂಟಿನಲ್ಲಿ ಇಡಬೇಕೆಂದು ಗೃಹಸ್ಥರಾದ ವಾಚಕರಲ್ಲಿ ನನ್ನ ಬಿನ್ನಹ.